ಆರ್ಲಿಸ್ ಟ್ವೈಟ್‌ನ ಗುಲಾಬಿ ಹಿಡಿ

ಬಿಷಪ್ ಎಂಬ ಹೇಸರಗತ್ತೆ ಆ ಮಂಗಳವಾರ ಬೆನ್ನು ತುರಿಸಿಕೊಳ್ಳಲೆಂದು ಹಿಮದಲ್ಲಿ ಹೊರಳಿದಾಗ ಮೊಂಟಾನಾದ ಅರ್ಧ ನಾಡು ನಡುಗಿತು. ಉಳಿದರ್ಧ ನಡುಗದೆ ಇದ್ದದ್ದು ಬೆಟ್ಟಗಳು ಅಡ್ಡ ಇದ್ದುದರಿಂದ. ನಡುಕದಿಂದ ಯಾರಿಗೂ ನಷ್ಟವಾಗಲಿಲ್ಲ, ಆರ್ಲಿಸ್ ಟ್ವೈಟ್ ಒಬ್ಬನನ್ನು ಬಿಟ್ಟು. ಅವನ ರೈಫಲ್ ಇನ್ನೂ ಅದರ ಬೆನ್ನಿನ ಜೀನಿನ ಪಕ್ಕದ ತೊಗಲಿನ ಚೀಲದಲ್ಲೇ ಇತ್ತು.

ಹೊರಗೆಳೆದು ನೋಡಿದರೆ ನಳಿಗೆಯ ಕಬ್ಬಿಣಕ್ಕೆ ಏನೂ ಆಗಿರಲಿಲ್ಲ. ಅದರ ಮೇಲಿನ ದುರ್ಬೀನಿನ ಗಾಜಿಗೆ ಒಂದು ಗೀರೂ ಬಿದ್ದಿರಲಿಲ್ಲ. ಆದರೆ ಹೆಗಲಿಗೆ ಒತ್ತಿ, ಕೆನ್ನೆ ಆನಿಸಿ ಗುರಿ ನೋಡುವ ಮರದ ಹಿಡಿ, ಅದು ಸಣ್ಣಗಾಗುವ ಕುತ್ತಿಗೆಯ ಬಳಿ, ಎರಡು ತುಂಡಾಗಿತ್ತು. ಕೈಗೊಂದು ತುಂಡು ಹಿಡಿದು ಆರ್ಲಿಸ್ ನಿಂತೇ ನಿಂತ. ಬಿಷಪ್ ಎದ್ದು ಮೈ ಕೊಡವಿ ಅವನ ಟೋಪಿಯ ತುಂಬ ಹಿಮ ಎರಚಿ ಹುಲ್ಲು ಹುಡುಕಿಕೊಂಡು ಹೋಯಿತು.

ನಮ್ಮ ಕಡೆ ಕಾಡುಟಗರು ಹೊಡೆಯುವ ಪರವಾನಗಿ ಸಿಗುವುದು ಲಾಟರಿಯಲ್ಲಿ. ಆರ್ಲಿಸ್ ಮೀಸೆ ಮೂಡುವ ಮುಂಚೆ ಅರ್ಜಿ ಹಾಕಲು ಶುರುಮಾಡಿದವನು. ಮೀಸೆ ಮೂಡಿ, ಬೆಳ್ಳಗಾಗಿ, ಅದರಲ್ಲಿ ಹಕ್ಕಿಗಳು ಗೂಡು ಕಟ್ಟಿ ಮರಿ ಹಾರಿಸಿಕೊಂಡು ಹೋದ ಮೇಲೆ ಈ ವರ್ಷ ಅವನ ಹೆಸರು ಬಂತು. ಒಮ್ಮೆ ಬಂದರೆ ಮತ್ತೆ ಏಳು ವರ್ಷ ಅರ್ಜಿ ಹಾಕುವಂತಿಲ್ಲ. ಅವನ ಮಂಡಿಗಳು ಈಗಲೇ ಒಣಸೌದೆ ಮುರಿದಂತೆ ಸದ್ದು ಮಾಡುತ್ತಿದ್ದವು. ಏಳು ವರ್ಷ ಕಳೆದರೆ ತಾನು ಬೆಟ್ಟ ಹತ್ತುವುದಿರಲಿ, ಮಂಚ ಹತ್ತಿದರೆ ದೊಡ್ಡದು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಸೆಪ್ಟೆಂಬರಿನಲ್ಲೇ ಕೆಲಸ ಮುಗಿಸಬಹುದಿತ್ತು. ಆದರೆ ಬೇಟೆ ಶುರುವಾಗುವ ಮುಂಚೆಯೇ ಅವನು ಊರಿಗೆಲ್ಲ ಹೇಳಿಬಿಟ್ಟಿದ್ದ, ಕೊಂಬಿನ ನೆರಳಲ್ಲಿ ಒಂದು ಸಂಸಾರ ಕೂತು ಊಟ ಮಾಡುವಂಥ ಟಗರು ಸಿಕ್ಕರೆ ಮಾತ್ರ ಹೊಡೆಯುತ್ತೇನೆ ಎಂದು. ಆಡಿದ ಮಾತಿಗೆ ಕಟ್ಟುಬಿದ್ದು, ಎದುರಿಗೆ ಬಂದ ಟಗರುಗಳನ್ನೆಲ್ಲ "ಇದು ಹಾಲು ಕುಡಿಯೋ ಮರಿ" ಎಂದು ಬಿಟ್ಟುಬಿಟ್ಟು ಬಂದ. ಈಗ ನವೆಂಬರಿನ ಕಡೆಯ ವಾರ. ಭಾನುವಾರ ಹೊತ್ತು ಮುಳುಗಿದರೆ ಪರವಾನಗಿ ಬರೀ ಕಾಗದ.

ಬೇರೆಯವರ ರೈಫಲ್ ಕೇಳಿ ತರುವ ಹಾಗೂ ಇರಲಿಲ್ಲ. ಬೇಲಿಯ ತಂತಿ ಸಿಡಿದು ಆರ್ಲಿಸ್‌ನ ಬಲಗಣ್ಣು ಎಂದೋ ಹೋಗಿತ್ತು. ಅಂದಿನಿಂದ ಅವನು ಎಡ ಹೆಗಲಿನ ಬೇಟೆಗಾರ. ಅವನ ರೈಫಲ್ಲೂ ಎಡಗೈಯವರದು. ನಮ್ಮೂರು ಸ್ಕಲ್ ಕ್ರೀಕಿನಲ್ಲಿ ಎಡಗೈಯ ಇನ್ನೊಬ್ಬ ಬೇಟೆಗಾರ ಇರಲಿಲ್ಲ. ಬಲಗೈಯವರ ಕೋವಿಯನ್ನು ಅವನು ಒಮ್ಮೆ ಪ್ರಯತ್ನಿಸಿದಾಗ ಗುಂಡು ಕೆನಡಾದ ಗಡಿ ದಾಟಿತ್ತಂತೆ. ಗಡಿ ಇಲ್ಲಿಗೆ ಇನ್ನೂರು ಮೈಲಿ.

ಬುಧವಾರ ಬೆಳಗ್ಗೆ ಅವನು ಓಪಲ್ ರಾಶ್‌ಳ ಕೋವಿ ಅಂಗಡಿಯ ಬಾಗಿಲು ತೆರೆಯುವ ಮುಂಚೆಯೇ ಅಲ್ಲಿ ನಿಂತಿದ್ದ. ಓಪಲ್ ಅವನ ಜೊತೆ ಒಂದೇ ಬೆಂಚಿನಲ್ಲಿ ಕೂತು ಶಾಲೆ ಕಲಿತವಳು. ಅವಳ ಅಂಗಡಿಯ ಒಂದು ಗೋಡೆಯ ತುಂಬ ಬೇಟೆಯ ಫೋಟೋಗಳು. ನಮ್ಮೂರಿನಲ್ಲಿ ಸತ್ತ ಮೇಲೆ ಸ್ವರ್ಗಕ್ಕೆ ಹೋಗುವುದಕ್ಕಿಂತ ಬದುಕಿದ್ದಾಗ ಆ ಗೋಡೆಗೆ ಏರುವುದು ಕಷ್ಟ.

"ಹೊಸ ಹಿಡಿ ಪೋಸ್ಟಲ್ಲಿ ತರಿಸೋಕೆ ಆಗಲ್ಲ," ಅಂದಳು ಓಪಲ್, ತುಂಡುಗಳನ್ನು ನೋಡಿ. "ನಾಳೆ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಸೋಮವಾರದ ತನಕ ಒಂದು ನೊಣಾನೂ ಈ ಊರಿಗೆ ಬರಲ್ಲ."

"ಹಳೇದನ್ನೇ ಅಂಟಿಸಿಕೊಡು."

"ಕುತ್ತಿಗೆ ಮುರಿದಿರೋದು, ಮಾರಾಯ. ಒಂದೇ ಗುಂಡಿಗೆ ಮತ್ತೆ ಮುರಿದು ನಿನ್ನ ಉಳಿದ ಕಣ್ಣಿಗೆ ನಾಟತ್ತೆ. ಎಡಗೈಯವು ಮೂರಿದಾವೆ. ನೋಡ್ಕೊ."

ಮೂರನ್ನೂ ತಂದು ಗಾಜಿನ ಪೆಟ್ಟಿಗೆಯ ಮೇಲೆ ಇಟ್ಟಳು. ಮೊದಲನೆಯದು ವಾಲ್‌ನಟ್ ಮರದ್ದು, ಜೇನಿನ ಬಣ್ಣ, ಮೈಯ ಮೇಲೆ ಹೊಗೆಯಂಥ ಗೆರೆ. ಅದನ್ನು ಕಂಡದ್ದೇ ಆರ್ಲಿಸ್‌ಗೆ ಮದುವೆಗೆ ಮುಂಚಿನ ದಿನಗಳೆಲ್ಲ ನೆನಪಾದವು. ಆದರೆ ಒಳಗೆ ಅರ್ಧ ಮಾತ್ರ ಕೆತ್ತಿತ್ತು. ಕಬ್ಬಿಣ ಕೂರುವ ಹಾಗೆ ಕೆತ್ತಿ ಮುಗಿಸಲು ಒಳ್ಳೆಯ ಕೈಗೂ ಒಂದು ತಿಂಗಳು ಬೇಕು. ಎರಡನೆಯದು ಕಪ್ಪು ಪ್ಲಾಸ್ಟಿಕ್ಕಿನದು, ಒಳಗೆ ಟೊಳ್ಳು, ಬೆರಳಲ್ಲಿ ತಟ್ಟಿದರೆ ಖಾಲಿ ಡಬ್ಬದ ಸದ್ದು. ಮೂರನೆಯದು ತೆಳುಮರಗಳನ್ನು ಬಣ್ಣ ಹಾಕಿ ಒತ್ತಿ ಅಂಟಿಸಿ ಮಾಡಿದ್ದು. ಬಣ್ಣ ಗುಲಾಬಿ. ಸಾಧಾರಣ ಗುಲಾಬಿಯಲ್ಲ, ಹುಟ್ಟುಹಬ್ಬದ ಕೇಕಿನ ಮೇಲಿನ ಕೆನೆಯ ಗುಲಾಬಿ, ನಡುನಡುವೆ ನೇರಳೆಯ ಗೆರೆ. ಯಾರೋ ಮಗಳಿಗೆಂದು ಹೇಳಿ ಮಾಡಿಸಿ, ತೆಗೆದುಕೊಳ್ಳದೆ ಊರು ಬಿಟ್ಟಿದ್ದರು. ಅಂಗಡಿಯಲ್ಲಿ ದೀಪ ಹೋದಾಗ ಓಪಲ್ ಅದರ ಬೆಳಕಲ್ಲಿ ಗುಂಡು ಹುಡುಕುತ್ತಿದ್ದಳೆಂದು ಮಾತು.

"ಕಣ್ಣು ಮುಚ್ಚಿ ಹೆಗಲಿಗೆ ತಗೊ, ಕೆನ್ನೆ ಇಟ್ಟ ಮೇಲೆ ಕಣ್ಣು ಬಿಡು," ಅಂದಳು ಓಪಲ್, ಕಬ್ಬಿಣವನ್ನು ಕಪ್ಪು ಹಿಡಿಗೊಮ್ಮೆ ಗುಲಾಬಿಗೊಮ್ಮೆ ಕೂರಿಸಿ ಕೊಡುತ್ತ. ಕಣ್ಣು ಬಿಟ್ಟಾಗ ನೋಟ ನೆಟ್ಟಗೆ ದುರ್ಬೀನಿನ ನಡುವಿಗೆ ಬಿದ್ದರೆ ಆ ಹಿಡಿ ಅವನದು. ಕತ್ತು ಚಾಚಬೇಕಾದರೆ ಬೇರೆಯವನದು.

ಕಪ್ಪು ಹಿಡಿಯಲ್ಲಿ ಕಣ್ಣು ಬಿಟ್ಟರೆ ಕಂಡದ್ದು ಕತ್ತಲು. ಹಿಡಿ ಉದ್ದವಾಗಿತ್ತು, ಕೆನ್ನೆ ಕೆಳಗಿತ್ತು. ಕತ್ತು ಎತ್ತಬೇಕು, ಕೊಂಚ ಮುಂದೆ ಚಾಚಬೇಕು. ಗುಲಾಬಿಯಲ್ಲಿ ಕಣ್ಣು ಬಿಟ್ಟ. ದುರ್ಬೀನಿನ ವೃತ್ತ ಪೂರ್ತಿ ಬೆಳಕು, ನಡುವೆ ಗೋಡೆಯ ಗಡಿಯಾರದ ಮುಳ್ಳು. ಇನ್ನೊಮ್ಮೆ ಮಾಡಿದ. ಮತ್ತೆ ಮುಳ್ಳೇ. ತಾಯಿಯ ಹೆಗಲ ಮೇಲೆ ಮಗು ತಲೆಯಿಟ್ಟ ಹಾಗೆ ಅವನ ಕೆನ್ನೆ ಅಲ್ಲಿ ಕೂತಿತ್ತು.

ಆರ್ಲಿಸ್ ಫೋಟೋಗಳ ಗೋಡೆಯನ್ನು ನೋಡಿದ. ಅಲ್ಲಿ ಎಲ್ಲರ ಕೈಯಲ್ಲೂ ಕಂದು, ಕಪ್ಪು, ಬೂದಿ ಬಣ್ಣದ ಹಿಡಿಗಳು.

"ಕರೀದೇ ಕೊಡು," ಅಂದ.

"ಆರ್ಲಿಸ್, ಆ ಗುಲಾಬಿ ನಿನಗೆ ಅಳತೆ ತಗೊಂಡು ಹೊಲಿಸಿದ ಹಾಗಿದೆ."

"ಅದನ್ನ ಹಿಡ್ಕೊಂಡು ಹೋದ್ರೆ ಟಗರು ನಕ್ಕು ನಕ್ಕು ಬಿದ್ದು ಸಾಯತ್ತೆ. ಗುಂಡೇ ಬೇಡ."

"ಹಂಗಾದ್ರೆ ಇನ್ನೂ ಸುಲಭ ಆಯ್ತಲ್ಲ." ಅವಳು ಕಪ್ಪು ಹಿಡಿಗೆ ಕಬ್ಬಿಣವನ್ನು ಮತ್ತೆ ಕೂರಿಸಿ ಸ್ಕ್ರೂ ಬಿಗಿದಳು. "ಇದು ಬಾಗತ್ತೆ. ನಳಿಗೆಗೆ ತಾಗತ್ತೆ. ತಾಗಿದ್ರೆ ಗುಂಡು ಅದರ ಪಾಡಿಗೆ ಅದು ಹೋಗತ್ತೆ. ಆಮೇಲೆ ನನ್ನ ಬಯ್ಯಬೇಡ."

ಸಂಜೆಗೆ ಅವನ ಹುಲ್ಲುಗಾವಲಿನಲ್ಲಿ ಗುಂಡುಗಳು ನಿಜವಾಗಿಯೂ ಅವುಗಳ ಪಾಡಿಗೆ ಅವು ಹೋದವು. ಒಂದು ಹಲಗೆಗೆ, ಒಂದು ಹಲಗೆ ಇಟ್ಟ ಕಂಬಕ್ಕೆ, ಒಂದು ಎಲ್ಲಿಗೋ. ಆ ಅಳತೆಯ ಗುಂಡು ಓಪಲ್‌ಳ ಹತ್ತಿರ ಇದ್ದದ್ದು ಒಂದೇ ಡಬ್ಬ. ಕತ್ತಲಾಗುವ ಹೊತ್ತಿಗೆ ಅದರ ತಳದಲ್ಲಿ ಮೂರು ಉಳಿದಿದ್ದವು.

ಇದಕ್ಕೆ ಒಂದು ಮದ್ದಿದೆ, ನಮ್ಮ ಕಡೆ ಎಲ್ಲರಿಗೂ ಗೊತ್ತು. ಹಿಡಿಯ ಒಳಗೆ ಎಪಾಕ್ಸಿ ಅಂಟು ಸುರಿದು ಅದರ ಮೇಲೆ ಕಬ್ಬಿಣವನ್ನು ಕೂರಿಸಬೇಕು. ಅಂಟು ಗಟ್ಟಿಯಾದಾಗ ಕಬ್ಬಿಣದ ಅಚ್ಚು ಹಿಡಿಯಲ್ಲಿ ಮೂಡುತ್ತದೆ, ಅಲುಗಾಟ ನಿಲ್ಲುತ್ತದೆ. ಒಂದೇ ಒಂದು ಎಚ್ಚರ: ಕಬ್ಬಿಣಕ್ಕೆ ಮೊದಲೇ ಮೇಣ ಬಳಿದಿರಬೇಕು. ಇಲ್ಲದಿದ್ದರೆ ಎರಡೂ ಒಂದಾಗಿಬಿಡುತ್ತವೆ, ಮತ್ತೆ ಬೇರೆಯಾಗುವುದು ಪ್ರಳಯದ ದಿನ.

ಗುರುವಾರ ಹಬ್ಬದ ಬೆಳಗ್ಗೆ, ಹೆಂಡತಿ ಇಡೆಲ್ ಟರ್ಕಿ ಕೋಳಿಗೆ ಬ್ರೆಡ್ಡು, ಸೇಜ್ ಸೊಪ್ಪು ತುಂಬುತ್ತಿದ್ದ ಮೇಜಿನ ಇನ್ನೊಂದು ತುದಿಯಲ್ಲಿ ಆರ್ಲಿಸ್ ಅಂಟು ಕಲಸಿದ. ಇಡೆಲ್‌ಳ ತಮ್ಮ ಡೆಲ್ಮರ್ ಕಡುಬಿನ ಡಬ್ಬ ಹಿಡಿದು ಬಂದ.

"ಏನು ಭಾವ, ಟಗರು ಸಿಕ್ತಾ, ಇಲ್ಲಾ ಅದಕ್ಕೂ ಅರ್ಜಿ ಹಾಕಬೇಕಾ?"

ಇಷ್ಟು ಸಾಕಾಯಿತು. ಆರ್ಲಿಸ್ ಎಡಗೈಯಲ್ಲಿ ಮೇಣದ ಡಬ್ಬಿ ಹಿಡಿದುಕೊಂಡು ಭಾನುವಾರ ತಾನು ಹೊಡೆಯಲಿರುವ ಟಗರನ್ನು ವರ್ಣಿಸಲು ಶುರುಮಾಡಿದ. ಅದರ ಕೊಂಬು ಎರಡು ಸುತ್ತು ಸುತ್ತಿ ಮೂರನೆಯದಕ್ಕೆ ಹೊರಟಿತ್ತು. ಅದು ಸೀನಿದರೆ ಹಿಮ ಜಾರುತ್ತಿತ್ತು. ವರ್ಣಿಸುತ್ತ ವರ್ಣಿಸುತ್ತ ಬಲಗೈ ಅಂಟು ಸುರಿಯಿತು, ಕಬ್ಬಿಣವನ್ನು ಒಳಗೆ ಒತ್ತಿತು, ಸ್ಕ್ರೂ ಬಿಗಿಯಿತು.

"ಆ ಡಬ್ಬೀಲಿ ಏನು ಭಾವ?" ಅಂದ ಡೆಲ್ಮರ್, ಟರ್ಕಿ ಬೆಂದು ಮೇಜಿಗೆ ಬಂದ ಮೇಲೆ.

ಡಬ್ಬಿ ಇನ್ನೂ ಎಡಗೈಯಲ್ಲೇ ಇತ್ತು. ಮುಚ್ಚಳ ತೆಗೆದಿರಲಿಲ್ಲ.

ಆ ಹಬ್ಬದ ಊಟವನ್ನು ಆರ್ಲಿಸ್ ಮುಟ್ಟಲಿಲ್ಲ. ಅವನು ಎಳೆದ, ಡೆಲ್ಮರ್ ಎಳೆದ, ಇಬ್ಬರೂ ಎರಡು ಕಡೆಯಿಂದ ಎಳೆದು ಮನೆಯನ್ನೇ ಪಾಯದಿಂದ ಒಂದಿಂಚು ಜರುಗಿಸಿದರು. ರೈಫಲ್ ಮಾತ್ರ ಬಿಡಲಿಲ್ಲ. ಅಂಟು ಟ್ರಿಗರಿನೊಳಗೂ ಇಳಿದು ಅದು ಕಲ್ಲಾಗಿತ್ತು. ಕೊನೆಗೆ ಡೆಲ್ಮರ್ ನಗುವುದನ್ನು ಬಿಟ್ಟ. ಅದು ಆರ್ಲಿಸ್‌ಗೆ ನಗುವುದಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಫ್ರೀಜರಿಗೆ ಹಾಕು," ಅಂದಳು ಇಡೆಲ್. "ತಣ್ಣಗಾದ್ರೆ ಕಬ್ಬಿಣ ಕುಗ್ಗತ್ತೆ. ನಮ್ಮಪ್ಪ ಹಂಗೇ ಬಿಡಿಸ್ತಿದ್ದ. ಅವನೂ ನಿನ್ನ ಹಾಗೇ ಮಾತುಗಾರ."

ಎಲ್ಕ್ ಜಿಂಕೆಯ ಮಾಂಸದ ಪೊಟ್ಟಣಗಳ ನಡುವೆ, ಬಟಾಣಿ ಚೀಲವೊಂದನ್ನು ತಲೆದಿಂಬು ಮಾಡಿ, ರೈಫಲನ್ನು ಮಲಗಿಸಿದರು. ಶುಕ್ರವಾರ ಬೆಳಗ್ಗೆ ಹೊರತೆಗೆದು ಇಡೆಲ್ ಲಟ್ಟಣಿಗೆಯಿಂದ ಒಂದೇ ಏಟು ಕೊಟ್ಟಳು. ಕಬ್ಬಿಣ ಬಿಡಿಸಿಕೊಂಡಿತು, ಕಪ್ಪು ಹಿಡಿ ಉದ್ದಕ್ಕೂ ಸೀಳಿತು. ಆ ದಿನವೂ ಮರುದಿನವೂ ಆರ್ಲಿಸ್ ಒಂದು ದಬ್ಬಳ ಹಿಡಿದು ಟ್ರಿಗರಿನ ಅಂಟನ್ನು ಕೆರೆದ. ಯಾರು ಮಾತಾಡಿಸಿದರೂ ಮಾತಾಡಲಿಲ್ಲ. ಅವನು ಸುಮ್ಮನಿದ್ದದ್ದನ್ನು ನೋಡಲು ಪಕ್ಕದ ಮನೆಯವರು ಬಂದು ಹೋದರು.

ಶನಿವಾರ ಓಪಲ್ ಬಾಗಿಲು ಹಾಕುವ ಹೊತ್ತಿಗೆ ಅವನು ಕಬ್ಬಿಣವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಅಂಗಡಿಗೆ ಹೋದ. ಅವಳು ಗುಲಾಬಿ ಹಿಡಿಯನ್ನು ತೆಗೆದಳು.

"ಮೇಲೆ ಬಣ್ಣ ಬಳಿಯೋಕಾಗತ್ತಾ?"

"ಬಳೀಬಹುದು. ಮಂಗಳವಾರ ಒಣಗತ್ತೆ."

"ಹಂಗೇ ಕೊಡು."

ಸ್ಕ್ರೂ ಬಿಗಿಯುತ್ತ ಅವಳು ಹೇಳಿದಳು: "ಹಿಡಿ ಬದಲಾದ್ರೆ ಗುರಿ ಬದಲಾಗತ್ತೆ, ಗೊತ್ತಲ್ಲ. ಮೊದಲು ಎಲ್ಲಾದ್ರೂ ದಿಬ್ಬಕ್ಕೆ ಹೊಡೆದು ನೋಡ್ಕೊ. ನಿನ್ನ ಹತ್ರ ಮೂರೇ ಗುಂಡಿರೋದು."

ಹೊರಗೆ ಆಗಲೇ ಕತ್ತಲು.

ಭಾನುವಾರ ಬೆಳಕು ಹರಿಯುವಾಗ ಆರ್ಲಿಸ್ ಮತ್ತು ಇಡೆಲ್ ಪಿಕಪ್ಪಿನಲ್ಲಿ ಬೆಟ್ಟದ ಬುಡ ಮುಟ್ಟಿದರು. ಅವಳು ಬಂದದ್ದು ಅವನಿಗೆ ಒಂದೇ ಕಣ್ಣು, ತನಗೆ ಎರಡು ಎಂದು. ಗುರಿ ಪರೀಕ್ಷೆಗೆ ದಿಬ್ಬ ಹುಡುಕಲು ಗಾಡಿ ತಿರುಗಿಸುವಷ್ಟರಲ್ಲಿ ಅವಳು ಅವನ ತೋಳು ಹಿಡಿದಳು.

ಎದುರಿನ ಇಳಿಜಾರಿನಲ್ಲಿ ಟಗರುಗಳು. ಎಲ್ಲಕ್ಕಿಂತ ಮೇಲೆ ಅದು, ಮೂರು ತಿಂಗಳಿಂದ ಅವನು ಊರಿಗೆಲ್ಲ ಹೇಳುತ್ತಿದ್ದದ್ದು. ತನ್ನ ಬಾಯಿಂದ ಹುಟ್ಟಿದ ಪ್ರಾಣಿ ಕಾಲೂರಿ ನಿಂತದ್ದನ್ನು ಕಂಡು ಆರ್ಲಿಸ್‌ನ ಬಾಯಿ ಒಣಗಿತು. ಕೊಂಬಿನ ನೆರಳಲ್ಲಿ ಸಂಸಾರವೇನು, ಮದುವೆಯ ಪಂಕ್ತಿಯೇ ಕೂರಬಹುದಿತ್ತು.

ಅವನು ಇಳಿದು ರಸ್ತೆಯಿಂದ ದೂರ ಸರಿದು ಹಿಮದಲ್ಲಿ ಬೋರಲು ಬಿದ್ದ. ಕಣ್ಣು ಮುಚ್ಚಿ ಗುಲಾಬಿಗೆ ಕೆನ್ನೆಯಿಟ್ಟ. ಕಣ್ಣು ಬಿಟ್ಟರೆ ವೃತ್ತದ ನಟ್ಟನಡುವೆ ಟಗರಿನ ಹೆಗಲು.

"ಗುಂಡು ಎಲ್ಲಿ ಬೀಳತ್ತೆ ಅಂತ ಗೊತ್ತಾ ನಿನಗೆ?" ಇಡೆಲ್ ಪಿಸುಗುಟ್ಟಿದಳು.

ಹೊಟ್ಟೆಗೆ ಬಿದ್ದರೆ ಅದು ಎರಡು ದಿನ ನರಳಿ ಯಾವುದೋ ಕಲ್ಲಿನ ಸಂದಿಯಲ್ಲಿ ಸಾಯುತ್ತದೆ. ಇಲ್ಲಿ ದಿಬ್ಬಕ್ಕೆ ಹೊಡೆದು ನೋಡಿದರೆ ಸದ್ದಿಗೆ ಎಲ್ಲವೂ ಓಡುತ್ತವೆ. ಬೆರಳು ಟ್ರಿಗರಿನ ಮೇಲಿತ್ತು. ಮೀಸೆಯ ಮೇಲೆ ಉಸಿರು ಹೆಪ್ಪುಗಟ್ಟುತ್ತಿತ್ತು. ಹುಟ್ಟಿದಂದಿನಿಂದ ಆಡದ ಒಂದು ಮಾತನ್ನು ಅವನು ಆಗ ಆಡಿದ.

"ಗೊತ್ತಿಲ್ಲ."

ಎದ್ದು ಗಾಡಿ ಹತ್ತಿದ. ಬೆಟ್ಟದ ಹಿಂಬದಿಯ ಕಲ್ಲಿನ ಗಣಿಗೆ ಹೋಗಿ ಮಣ್ಣಿನ ದಿಬ್ಬಕ್ಕೆ ಕಾಗದ ಸಿಕ್ಕಿಸಿ ಹೊಡೆದ. ಗುಂಡು ಗುರಿಯಿಂದ ಒಂದು ಗೇಣು ಪಕ್ಕಕ್ಕೆ, ಒಂದು ಗೇಣು ಕೆಳಗೆ ಬಿತ್ತು. ಟಗರಾಗಿದ್ದರೆ ಸರಿಯಾಗಿ ಹೊಟ್ಟೆಗೆ. ಇಬ್ಬರೂ ಆ ತೂತನ್ನು ನೋಡಿದರು. ದುರ್ಬೀನಿನ ತಿರುಗಣೆ ತಿರುಗಿಸಿ ಎರಡನೆಯದನ್ನು ಹೊಡೆದ. ಕಾಗದದ ನಡುವಿನ ಚುಕ್ಕೆ ಮಾಯವಾಯಿತು.

ಒಂದು ಉಳಿಯಿತು. ಮರಳಿ ಬಂದರೆ ಇಳಿಜಾರು ಖಾಲಿ.

ಆ ದಿನ ಅವರು ಹತ್ತಿದಷ್ಟು ಬೆಟ್ಟವನ್ನು ದೇವರೂ ಸೃಷ್ಟಿಸುವಾಗ ಹತ್ತಿರಲಿಲ್ಲ. ಆರ್ಲಿಸ್‌ನ ಮಂಡಿಗಳ ಸದ್ದಿಗೆ ನರಿಗಳು ಎದ್ದು ಕೂತವು. ಮಧ್ಯಾಹ್ನದ ಮೇಲೆ ಅವನು ಎರಡು ಕೈ ಊರಿಕೊಂಡು ಹತ್ತಿದ. ಟಗರುಗಳ ಹೆಜ್ಜೆಗುರುತುಗಳು ಒಂದು ಕೋಡುಗಲ್ಲಿನ ಆಚೆ ಕಣ್ಮರೆಯಾದವು. ಬಿಸಿಲು ಹಳದಿಯಾಯಿತು, ಕೆಂಪಾಯಿತು. ಅವನು ಕಲ್ಲಿಗೆ ಒರಗಿ ಕೂತುಬಿಟ್ಟ. ಇನ್ನು ಏಳುವುದು ಅವನ ಕೈಲಿರಲಿಲ್ಲ.

"ಮುಗೀತು ಇಡೆಲ್," ಅಂದ. "ಅರ್ಜಿ ಹಾಕ್ತಾ ಹಾಕ್ತಾ ಮುದುಕನಾದೆ. ಸಿಕ್ಕಿದ್ದನ್ನ ಬಾಯಿಂದ ಕಳ್ಕೊಂಡೆ."

ಇಡೆಲ್ ಕೆಳಗೆ ಬೆರಳು ತೋರಿಸಿದಳು.

ಕಣಿವೆಯಲ್ಲಿ ಒಂಟಿ ಟಗರು ಹಿಮ ಕೆದಕಿ ಹುಲ್ಲು ಮೇಯುತ್ತಿತ್ತು. ಸೊಂಟ ಬಾಗಿದ ಮುದಿ ಟಗರು. ಒಂದು ಕೊಂಬು ಸವೆದು ಮೊಂಡಾಗಿತ್ತು, ಇನ್ನೊಂದರ ತುದಿ ಎಂದೋ ಮುರಿದಿತ್ತು. ಸೆಪ್ಟೆಂಬರಿನಲ್ಲಾಗಿದ್ದರೆ ಆರ್ಲಿಸ್ ಅದಕ್ಕೆ ನಮಸ್ಕಾರ ಹೇಳಿ ಮುಂದೆ ಹೋಗುತ್ತಿದ್ದ.

ಕಣ್ಣು ಮುಚ್ಚಿದ. ಕೆನ್ನೆಯಿಟ್ಟ. ಕಣ್ಣು ಬಿಟ್ಟ.

ಟಗರು ನಿಂತ ಜಾಗದಲ್ಲೇ ಕುಸಿಯಿತು; ಗುಂಡಿನ ಸದ್ದು ಅದಕ್ಕೆ ಕೇಳಿಸಿರಲಾರದು. ಆರ್ಲಿಸ್ ಅದರ ಪಕ್ಕಕ್ಕೆ ಜಾರಿಕೊಂಡು ಹೋಗಿ ಕುತ್ತಿಗೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತಿದ್ದ. ಅವನ ಕಣ್ಣಲ್ಲಿ ನೀರಿತ್ತೆಂದು ಇಡೆಲ್ ಹೇಳುತ್ತಾಳೆ. ಗಾಳಿಗೆ ಎಂದು ಅವನು ಹೇಳುತ್ತಾನೆ, ಕಾಣದ ಬಲಗಣ್ಣಲ್ಲೂ ಇತ್ತೆಂದು ಅವಳು ಹೇಳುತ್ತಾಳೆ.

ಬೆಳಕು ಆರುವ ಮುಂಚೆ ಇಡೆಲ್ ಫೋನಿನಲ್ಲಿ ಫೋಟೋ ಹಿಡಿದಳು.

"ರೈಫಲ್ ಹಿಂದಕ್ಕೆ ಇಡಲಾ?" ಅಂತ ಕೇಳಿದಳು, ಅವನ ಮರ್ಯಾದೆಗೆಂದು.

ಆರ್ಲಿಸ್ ಟಗರನ್ನು ನೋಡಿದ, ಮೊಂಡು ಕೊಂಬನ್ನು ನೋಡಿದ. ಎಡಗಣ್ಣು ಕೊಂಚ ಕಿರಿದಾಯಿತು. ನಾಲ್ಕು ದಿನದಿಂದ ಸತ್ತಿದ್ದ ಆರ್ಲಿಸ್ ಅಲ್ಲೇ ಎದ್ದು ಕೂತ.

"ಮುಂದಕ್ಕಿಡು," ಅಂದ. "ಕೊಂಬಿಗೆ ಅಡ್ಡ."

ಆ ಫೋಟೋ ಈಗ ಓಪಲ್‌ಳ ಗೋಡೆಯ ಮೇಲಿದೆ. ಬಂದವರೆಲ್ಲ ಮೊದಲು ಅದರ ಮುಂದೆಯೇ ನಿಲ್ಲುತ್ತಾರೆ, ಗುಲಾಬಿ ಹಿಡಿಯನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ಕಣ್ಣೊರೆಸಿಕೊಂಡು ಹೋಗುತ್ತಾರೆ. ಆರ್ಲಿಸ್ ಮೂಲೆಯಲ್ಲಿ ಕಾಫಿ ಕುಡಿಯುತ್ತ ಎಲ್ಲವನ್ನೂ ಸಹಿಸುತ್ತಾನೆ. ಟಗರಿನ ಕೊಂಬು ಎಷ್ಟು ದೊಡ್ಡದಿತ್ತು ಎಂದು ಇವತ್ತಿನವರೆಗೆ ಒಬ್ಬನೂ ಬಗ್ಗಿ ನೋಡಿಲ್ಲ. ಕೇಳಿದವರಿಗೆ ಅವನು ಹೇಳುತ್ತಾನೆ, ಮೂರನೆಯ ಸುತ್ತಿಗೆ ಹೊರಟಿತ್ತು ಎಂದು.