ಮಡಿಲಕ್ಕಿಯ ಜೊತೆ ಬಂದ ಗೆಣಸಿನ ಬಳ್ಳಿ

ಕೆಂಗೇರಿಯ ಲೇಔಟುಗಳ ನಡುವೆ ನಮಗೆ ಉಳಿದಿರುವುದು ಅರ್ಧ ಎಕರೆ. ಅದರಲ್ಲಿ ಗೆಣಸು ಬೆಳೆದು, ಸಂಕ್ರಾಂತಿಗೆ ಮಾರೇನಹಳ್ಳಿಗೆ ಒಯ್ದು ಮಾರುತ್ತೇವೆ. ಕೆಲವು ವರ್ಷಗಳಿಂದ ಎಲೆ ಮುರುಟಿ, ಗೆಡ್ಡೆ ಬೆರಳಿನಷ್ಟೇ ದಪ್ಪ ಆಗುತ್ತಿತ್ತು. ಈ ಸಲವೂ ಬೆಳೆ ಕೈಕೊಟ್ಟರೆ ಜಾಗವನ್ನು ಗೋಡೌನ್‌ಗೆ ಕೊಟ್ಟುಬಿಡೋಣ ಎಂದು ಮೈದುನ ಭೈರೇಶ್ ಹೇಳಿದ. ನನ್ನ ಗಂಡ ಚನ್ನಕೇಶವ ಎಂದಿನಂತೆ ತಲೆಯಾಡಿಸಿದರು. ಇಬ್ಬರ ಮೇಲೂ ನನಗೆ ಮೈ ಉರಿದುಹೋಯಿತು. ಆ ಮಣ್ಣಿನಲ್ಲಿ ಬೆನ್ನು ಬಗ್ಗಿಸುವವಳು ನಾನು.

ರೋಗ ಇದ್ದದ್ದು ಮಣ್ಣಿನಲ್ಲಲ್ಲ, ಬಳ್ಳಿಯಲ್ಲಿ. ಅತ್ತೆ ಮುನಿಲಕ್ಷ್ಮಮ್ಮನಿಗೆ ಮದುವೆಯಲ್ಲಿ ಮಡಿಲಕ್ಕಿಯ ಜೊತೆ ತವರಿನವರು ಕೊಟ್ಟ ಬಳ್ಳಿ ಅದು. ಪ್ರತಿ ವರ್ಷ ಅದರ ಕುಡಿಯನ್ನೇ ಕತ್ತರಿಸಿ ನೆಡಬೇಕು, ಬೇರೆಯದು ಕೂಡದು. ಮನೆದೇವರಿಗೂ ಅಷ್ಟು ಮರ್ಯಾದೆ ಇರಲಿಲ್ಲ. ಕುಡಿಯ ಜೊತೆಗೇ ರೋಗವೂ ವರ್ಷದಿಂದ ವರ್ಷಕ್ಕೆ ಸಾಗಿ ಬರುತ್ತಿತ್ತು.

ಬೆಳೆ ನೋಡಲು ಬಂದ ಕೃಷಿ ಅಧಿಕಾರಿ, "ಹಳೇದು ಒಂದೆಳೆನೂ ಉಳೀಬಾರದಮ್ಮ. ಬಿಳಿನೊಣ ಅದ್ರಿಂದ ಹೊಸದಕ್ಕೆ ರೋಗ ಹರಡುತ್ತೆ" ಎಂದರು. ಅತ್ತೆ ಬೇಡವೆಂದರೂ ಎಲ್ಲವನ್ನೂ ಕಿತ್ತು ಸುಟ್ಟೆ. ರೋಗವಿಲ್ಲದ ಕುಡಿ ತಂದು ನೆಟ್ಟೆ. ಹೊಲ ತುಂಬ ಹಸಿರು ಹಬ್ಬಿತು, ನನಗೂ ಜೀವ ಬಂತು.

ಒಂದು ಬೆಳಿಗ್ಗೆ ಪಂಪ್‌ಮನೆ ಪಕ್ಕದ ಸಾಲುಗಳಲ್ಲಿ ಎಲೆ ಮುರುಟಿತ್ತು. ಹಿಂದೆ ಹೋಗಿ ನೋಡಿದರೆ ಪೇಂಟ್ ಡಬ್ಬದಲ್ಲಿ ಹಳೇ ಬಳ್ಳಿ. ಅತ್ತೆ ಚೊಂಬು ಹಿಡಿದು ಅದಕ್ಕೆ ನೀರು ಹಾಕುತ್ತಿದ್ದರು.

"ಇದೇನತ್ತೆ?"

"ನಮ್ಮಮ್ಮ ಕೊಟ್ಟಿದ್ದು ಕಣೇ. ಹೆಂಗ್ ಸುಡ್ಲಿ? ಒಂದು ಡಬ್ಬ ತಾನೇ."

"ಈ ಒಂದು ಡಬ್ಬದಿಂದ್ಲೇ ಹೊಲ ಹೋಗ್ತಾ ಇದೆ. ನಿಮಗೆ ತವರು ಉಳೀಬೇಕು, ನಾನು ಹಾಳಾಗಿ ಹೋಗ್ಲಾ?"

ನಾನು ಬಳ್ಳಿಯನ್ನು ಡಬ್ಬದಿಂದ ಕಿತ್ತು, ಮನೆಗೆ ಒಯ್ದು ಅವರೆದುರೇ ಒಲೆಗೆ ಹಾಕಿದೆ. ಅವರ ವಯಸ್ಸಿಗೆ ಮರುಗುವಷ್ಟು ತಾಳ್ಮೆ ನನ್ನಲ್ಲಿ ಇರಲಿಲ್ಲ, ಈಗಲೂ ಇಲ್ಲ.

ಆದರೆ ತಡವಾಗಿತ್ತು. ಹಬ್ಬಕ್ಕೆಂದು ಅಗೆದಾಗ ಹೆಚ್ಚುಕಡಿಮೆ ಇಡೀ ಹೊಲದಲ್ಲಿ ಬರೀ ಬೇರು ಸಿಕ್ಕಿತು. ದೂರದ ಎರಡು ಸಾಲುಗಳಲ್ಲಿ ಮಾತ್ರ ಮುಷ್ಟಿ ಗಾತ್ರದ ಕೆಂಪು ಗೆಣಸು. ಭೈರೇಶ್ ಗೋಡೌನ್‌ನವರನ್ನು ಕರೆತಂದು ಬದುವಿನಿಂದ ಬದುವಿಗೆ ಟೇಪು ಎಳೆಸುತ್ತಿದ್ದ.

ಅತ್ತೆ ಒಂದು ದಪ್ಪ ಗೆಣಸನ್ನು ಸೆರಗಿನಲ್ಲಿ ಒರೆಸಿ ನೋಡಿದರು. ಮೆಲ್ಲಗೆ ನನ್ನ ಹತ್ತಿರ ಬಂದರು.

"ಲತಾ, ನಿನ್ ಬಳ್ಳಿನೇ ಚೆನ್ನಾಗಿದೆ. ಮುಂದಿನ ವರ್ಷಕ್ಕೆ ಇದ್ರ ಕುಡಿ ತೆಗೆದಿಡು."

"ಎಲ್ಲಿ ನೆಡ್ಲಿ ಅತ್ತೆ?"

ಅವರು ಟೇಪಿನ ಕಡೆ ನೋಡಿದರು, ಆಮೇಲೆ ನನ್ನ ಕಡೆ. ನಾನು ಮುಖ ತಿರುಗಿಸಲಿಲ್ಲ. ಇನ್ನೊಂದು ಸಲ ಕೇಳಿದೆ.