ಗಂಟು ಬೀಳದ ತಸ್ಬಿ

ತಾಹೇರಾಬಿಯ ಗಂಡ ಫಾಜಿಲ್ ಸಾಹೇಬರು ಬಸವಕಲ್ಯಾಣದ ದರ್ಗಾ ಓಣಿಯಲ್ಲಿ ತಸ್ಬಿ ಪೋಣಿಸಿ ಮಾರುತ್ತಿದ್ದವರು. ಕಡೆಯ ಜಪಮಾಲೆಗೆ ಮಣಿಗಳನ್ನೆಲ್ಲ ಪೋಣಿಸಿ, ಗಂಟು ಹಾಕುವ ಮೊದಲೇ ಅಲ್ಲಾಹನ ಕರೆ ಬಂತು. ಆಕೆ ಅದನ್ನು ಹಾಗೆಯೇ ತಾಟಿನಲ್ಲಿಟ್ಟು ಬಟ್ಟೆ ಮುಚ್ಚಿದ್ದಳು. ಗಂಟು ಬಿದ್ದರೆ ಅವರ ಕೆಲಸ ಮುಗಿದಂತೆ. ಕೆಲಸ ಮುಗಿದರೆ ಅವರು ನಿಜವಾಗಿಯೂ ಹೋದಂತೆ. ಇದೇ ಆಕೆಯ ಹೆದರಿಕೆ.

ಭಾನುವಾರ ಮಗಳು ಖುಷ್ನುಮಾ ಬಂದಳು. ಹುಮನಾಬಾದಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಬಂದವಳೇ ಮನೆ ಒಪ್ಪ ಮಾಡಲು ನಿಂತು, ತಾಟಿನ ಮೇಲಿನ ಬಟ್ಟೆ ಜಗ್ಗಿದಳು. ದಾರವೂ ಜೊತೆಗೆ ಎದ್ದಿತು. ಮಣಿಗಳು ಸರಸರನೆ ಜಾರಿ ನೆಲದ ತುಂಬ ಉರುಳಿದವು.

“ನಿಮ್ಮಬ್ಬಾನ ಕೈಲೆ ಪೋಣಿಸಿದ್ದು ಅದು! ಕಾಲೇಜಿನಾಗ ಶೀಸೆ ಒಡೆದದ್ದು ಸಾಲಲಿಲ್ಲಂತ ಮನಿಗೆ ಬಂದಿ ಏನ?” ತಾಹೇರಾಬಿ ಗದರಿದಳು.

ಖುಷ್ನುಮಾ ಬಗ್ಗಿ ಮಣಿ ಆರಿಸತೊಡಗಿದಳು. “ತಪ್ಪಾತು ಅಮ್ಮಿ. ಕಲಬುರ್ಗಿಯಾಗ ಸಂಶೋಧನಾ ಮಾಡುವಾಗೂ ನಂಗ ಹಿಂಗ ಆಗಿತ್ತು.”

“ಅಲ್ಲಿ ತಸ್ಬಿ ಯಾರು ಪೋಣಿಸ್ತಾರ?”

“ಯಾರೂ ಇಲ್ಲ, ಅದೇ ಕರಾಮತ್ತು. ಕಣ್ಣಿಗೆ ಕಾಣದ ಅಣುವಿನ ದಾರ, ಅಣುವಿನ ಉಂಗುರ. ದಾರದಾಗ ಧನ ವಿದ್ಯುತ್ತು, ಉಂಗುರದ ಒಳಮೈಗೆ ಒಂಚೂರು ಋಣ. ಒಂದನ್ನೊಂದು ಎಳೀತಾವ. ದ್ರಾವಣದಾಗ ಬಿಟ್ರ ದಾರ ತಾನೇ ಉಂಗುರದಾಗ ತೂರಿ ಕೂಡ್ತದ.”

ತಾಹೇರಾಬಿಯ ಸಿಟ್ಟು ಅಲ್ಲಿಯೇ ನಿಂತಿತು. ಅಷ್ಟು ಸಣ್ಣ ವಸ್ತುವಿನಲ್ಲೂ ಒಡೆಯನು ಸೆಳೆತವನ್ನು ಇಟ್ಟಿದ್ದಾನಲ್ಲ!

“ಸುಭಾನಲ್ಲಾ! ಸೂಜಿ ಇಲ್ಲ, ಕೈ ಇಲ್ಲ!”

“ಆದ್ರ ನಾ ಅವಸರ ಮಾಡಿದೆ. ದಾರದ ತುದಿಗೆ ತಡೆ ಕೂಡ್ಸೂ ಮೊದಲ ಕ್ಷಾರ ಹಾಕಿಬಿಟ್ಟೆ. ದಾರದ ವಿದ್ಯುತ್ತು ಹೋತು, ಉಂಗುರ ಎಲ್ಲಾ ಕಳಚಿದ್ವು.”

“ತಡೆ ಇದ್ದಿದ್ರ?”

“ಎರಡೂ ತುದಿಗೆ ಗಂಟಿನಂಗ ದಪ್ಪನ್ನ ಅಣುಗುಂಪು ಇದ್ರ ಉಂಗುರ ಅತ್ತ ಇತ್ತ ಜಾರ್ತದ, ಬಿಟ್ಟು ಹೋಗಲ್ಲ.”

“ಎಳಿಯೂದು ನಿಂತ ಮ್ಯಾಲೂ?”

“ನಿಂತ ಮ್ಯಾಲೂ, ಅಮ್ಮಿ.”

ತಾಹೇರಾಬಿ ದಾರಕ್ಕೆ ಕೈಚಾಚಿದಳು. ಮಗಳು ಆರಿಸಿದ ಮಣಿಗಳನ್ನು ಒಂದೊಂದಾಗಿ, ಕಪಾಟಿನ ಕೆಳಗಿನಿಂದ ಕಸಬರಿಗೆಯಲ್ಲಿ ಎಳೆದುಕೊಟ್ಟ ಕಡೆಯ ಮಣಿಯನ್ನೂ ತಾನೇ ಪೋಣಿಸಿದಳು. ಗಂಡ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಗಂಟು ಬಿಗಿಯುವುದನ್ನು ನೋಡಿದ್ದಳಷ್ಟೆ, ಎಂದೂ ತಾನು ಹಾಕಿರಲಿಲ್ಲ. ಆಕೆಯ ಗಂಟು ದೊಡ್ಡದಾಗಿ, ಸೊಟ್ಟಗೆ ಬಂತು.

“ಅಬ್ಬಾ ನೋಡಿದ್ರ ನಗ್ತಿದ್ರು.”

“ನಗಲಿ ಬಿಡು. ನಾ ಬಿಚ್ಚಲ್ಲ.”

ಸಂಜೆಯ ನಮಾಜು ಮುಗಿಸಿ ಆಕೆ ಮೊದಲ ಮಣಿಯನ್ನು ಹೆಬ್ಬೆರಳಿನಿಂದ ಸರಿಸಿದಳು. ಅದು ಜಾರಿ, ಆಕೆಯ ಸೊಟ್ಟ ಗಂಟಿಗೆ ತಾಗಿ, ಅಲ್ಲಿಯೇ ನಿಂತಿತು.