ಉದ್ದಕ್ಕೂ ಹಸಿರು

ಪಾಲಣ್ಣನ ಹೆಣಕ್ಕೆ ನೀರು ಹೊಯ್ಯುವಾಗ ಕಾಲಿನ ಬಟ್ಟೆ ಬಿಚ್ಚಿದರು. ತಂಬಿಗೆ ಹಿಡಿದಿದ್ದ ಅಣ್ಣ ಮುದ್ದಣ್ಣ ಮೂಗು ಮುಚ್ಚಿಕೊಂಡ.

"ಕಾಲು ಕೊಳ್ತೋಗೈತಲ್ಲೋ ಜುಂಜೇಶ! ಶುಗರ್ ಏರಿತ್ತೇನೋ?"

"ಎಲ್ಲಿ ಏರಿತ್ತು ದೊಡ್ಡಪ್ಪ? ಅಪ್ಪಂದು ದಿನಾ ಬೆರಳು ಚುಚ್ಚಿ ಮಿಷನ್ನಾಗೆ ನೋಡ್ತಿದ್ವಿ. ಸೀದಾ ಆಸ್ಪತ್ರೆ ಕಂಪ್ಯೂಟರಿಗೆ ಹೋಗದು. ನರ್ಸಮ್ಮನ್ನೇ ಕೇಳು."

ಹಾರ ತಂದಿದ್ದ ನರ್ಸ್ ಸುಮಾ ಫೋನ್ ತೋರಿಸಿದಳು. ಮೂರು ತಿಂಗಳ ಗೆರೆ, ಉದ್ದಕ್ಕೂ ಹಸಿರು.

"ಇಷ್ಟು ಚೆನ್ನಾಗಿ ಯಾರ್ದೂ ಇಲ್ಲ ಕಣ್ರಿ. ಇದನ್ನ ನೋಡೇ ಡಾಕ್ಟ್ರು ಮಾತ್ರೆ ಅರ್ಧ ಮಾಡಿದ್ದು, ನಂಗೆ ಶಾಲು ಹೊದಿಸಿದ್ದು."

"ಗೆರೆ ಬದುಕೈತೆ, ನನ್ನ ತಮ್ಮ ಸತ್ತ" ಎಂದ ಮುದ್ದಣ್ಣ.

ಸೊಸೆ ಲತಾ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

*

ನಾಲ್ಕು ತಿಂಗಳ ಹಿಂದೆ ಮಿಷನ್ ಬಂದ ದಿನ ಪಾಲಣ್ಣ ಮನೆಯಲ್ಲಿದ್ದ. ಅವನ ಶುಗರ್ ನಾನೂರು ದಾಟಿತ್ತು. ಆಗಲೇ ಸುಮಾಳ ಫೋನ್: "ಏನ್ ತಿನ್ನಿಸ್ತೀಯಮ್ಮ ಮಾವಂಗೆ? ಕೊಲ್ಲಬೇಕು ಅಂತಿದೀಯಾ?" ಸ್ಪೀಕರಿನಲ್ಲಿ ಕೇಳಿಸಿಕೊಂಡ ಜುಂಜೇಶ್ ಲತಾಳ ಕೆನ್ನೆಗೆ ಬಾರಿಸಿದ.

ಆಮೇಲೆ ಪಾಲಣ್ಣ ಕುರಿ ಹೊಡೆದುಕೊಂಡು ಬಬ್ಬೂರಿನ ಕಡೆ ಹೋಗಿ, ಯಾರದೋ ತೆಂಗಿನ ತೋಟದಲ್ಲಿ ಮಂದೆ ನಿಲ್ಲಿಸಿದ. ಮಿಷನ್ ಮನೆಯಲ್ಲೇ ಉಳಿಯಿತು. ರೀಡಿಂಗ್ ಬರದಿದ್ದರೆ ಮತ್ತೆ ಫೋನ್, ಮತ್ತೆ ಬೈಗುಳ.

"ಮಾವ, ದಿನಾ ಬಂದು ಚುಚ್ಚಿಸ್ಕಂಡು ಹೋಗು" ಎಂದು ಲತಾ ಬುತ್ತಿ ಕೊಡಲು ಹೋದಾಗ ಹೇಳಿದಳು.

"ಕುರಿ ಕಾಯಾಕೆ ನಿಮ್ಮಪ್ಪ ಬತ್ತಾನೇನೆ?"

ಮರುದಿನ ಅವಳು ತನ್ನ ಬೆರಳನ್ನೇ ಚುಚ್ಚಿದಳು. ನೂರಾ ಎರಡು. ಯಾರ ರಕ್ತವೆಂದು ಮಿಷನ್ ಕೇಳಲಿಲ್ಲ. ಸುಮಾ ಹೊಗಳಿದಳು. ಬುತ್ತಿ ಕೊಡುವಾಗ ಮಾವನಿಗೆ ಚುಚ್ಚಿದ್ದಾಳೆಂದುಕೊಂಡು ಜುಂಜೇಶ್ ಹೂವು ತಂದ.

ಮಾತ್ರೆ ಅರ್ಧವಾದಾಗ ಹೇಳಬೇಕೆನಿಸಿತು. ಕೆನ್ನೆ ನೆನಪಾಯಿತು. ಮಾವನ ಕಾಲಿಗೆ ಜಾಲಿಮುಳ್ಳು ಹೊಕ್ಕು ಕಪ್ಪಾದಾಗಲೂ ಅವಳು ಬೆಳಿಗ್ಗೆ ಎದ್ದು ಚುಚ್ಚಿಕೊಂಡಳು. ತೊಂಬತ್ತೆಂಟು.

*

"ಸೊಸೆ ಬಾರಮ್ಮ, ಬಾಯಿಗೆ ಅಕ್ಕಿ ಹಾಕು. ಬೊಗಸೆ ಒಡ್ಡು" ಎಂದ ಮುದ್ದಣ್ಣ.

ಲತಾ ಕದಲಲಿಲ್ಲ.

"ಏನೇ, ಕೈಗೆ ಲಕ್ವ ಹೊಡ್ದೈತಾ?" ಜುಂಜೇಶ್ ಗದರಿದ.

ಕೈಗಳು ಹೊರಬಂದವು. ಅಕ್ಕಿಯ ಮೊರವನ್ನು ಯಾರೋ ಸುಮಾಳ ಕೈಗೆ ಕೊಟ್ಟಿದ್ದರು. ಅವಳ ಕಣ್ಣು ಲತಾಳ ಬೆರಳ ತುದಿಗಳ ಮೇಲೆ ನಿಂತಿತು. ಸಾಸಿವೆ ಸಿಡಿದಂಥ ಕಪ್ಪು ಚುಕ್ಕೆಗಳು. ಅಲ್ಲಿಂದ ಹೆಣದ ಬೆರಳುಗಳಿಗೆ ಹೋಯಿತು. ಉಣ್ಣೆ ಕತ್ತರಿಸಿ ದಡ್ಡುಗಟ್ಟಿದ ಬೆರಳುಗಳು. ಒಂದು ಚುಕ್ಕೆಯೂ ಇರಲಿಲ್ಲ.



"ಏನ್ ನೋಡ್ತಿದೀರ ನರ್ಸಮ್ಮ?" ಎಂದ ಮುದ್ದಣ್ಣ.

"ಏನಿಲ್ಲ."

ಸುಮಾ ಒಂದು ಹಿಡಿ ಅಕ್ಕಿಯನ್ನು ಬೊಗಸೆಗೆ ಸುರಿದಳು. ಸಾಲಲಿಲ್ಲ. ಬೆರಳ ತುದಿಗಳು ಮುಚ್ಚುವ ತನಕ ಇನ್ನೊಂದು ಹಿಡಿ, ಮತ್ತೊಂದು ಹಿಡಿ ಸುರಿದಳು.